ಬೇಟ್‌ಕಾಸ್ಟಿಂಗ್ ರೀಲು ಮತ್ತು ನನ್ನ ಹೆಬ್ಬೆರಳು

ತಾಮ್ರದ ತಂತಿಯ ರೀಲು 'ಓಡಿಹೋಗುವುದು' ಅಂದರೆ ಏನೆಂದು ನನಗೆ ಹತ್ತೊಂಬತ್ತನೇ ವಯಸ್ಸಿಗೇ ಗೊತ್ತಾಗಿತ್ತು. ಆಗ ದಾವಣಗೆರೆಯ ಒಂದು ಅಂಗಡಿಯಲ್ಲಿ ಮೋಟಾರ್ ವೈಂಡಿಂಗ್ ಕಲಿಯುತ್ತಿದ್ದೆ. ಸ್ಟ್ಯಾಂಡಿನ ಮೇಲೆ ಆರೇಳು ಕೆಜಿಯ ತಂತಿ ರೀಲು, ಈ ಕಡೆ ಕೈಯಲ್ಲಿ ತಿರುಗಿಸುವ ವೈಂಡಿಂಗ್ ಮಷೀನು. ಸುತ್ತು ಎಣಿಸುತ್ತಾ ಜೋರಾಗಿ ತಿರುಗಿಸಿ, ಎಣಿಕೆ ಮುಗಿಯಿತೆಂದು ತಟ್ಟನೆ ನಿಲ್ಲಿಸಿದೆ. ಮಷೀನು ನಿಂತಿತು, ರೀಲು ನಿಲ್ಲಲಿಲ್ಲ. ತಂತಿ ಸುತ್ತು ಸುತ್ತಾಗಿ ಸಡಿಲಾಗಿ, ಉಬ್ಬಿ, ಪಕ್ಕಕ್ಕೆ ಜಾರಿ, ಸ್ಟ್ಯಾಂಡಿನ ಅಚ್ಚಿಗೆ ಸುತ್ತಿಕೊಂಡಿತು. ಉಸ್ತಾದರು ಬೈಯಲಿಲ್ಲ. ಒಂದು ಫೆಲ್ಟ್ ಚೂರನ್ನು ನನ್ನ ಕೈಗೆ ಕೊಟ್ಟು, ಅದನ್ನು ರೀಲಿನ ಅಂಚಿಗೆ ಒತ್ತಿಸಿ, "ಬಿಗಿ ಹಿಡಿಬ್ಯಾಡ, ಪೂರ್ತಿ ಬಿಡಲೂಬ್ಯಾಡ. ರೀಲು ಓಡ್ತಿರೋದು ಬೆರಳಿಗೆ ಗೊತ್ತಾಗ್ತಿರಬೇಕು" ಅಂದರು.

ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಕೆರೆ ದಂಡೆಯ ಮೇಲೆ ಮೀನು ಹಿಡಿಯಲು ಬೇಟ್‌ಕಾಸ್ಟಿಂಗ್ ರೀಲು (ಗಾಳದ ಕೋಲಿಗೆ ಕಟ್ಟುವ, ದಾರ ಸುತ್ತುವ ಯಂತ್ರ) ಹಿಡಿದು ನಿಂತಾಗ ನನ್ನನ್ನು ಕಾಪಾಡಿದ್ದು ಆ ಮಾತೇ.

ಈಗ ಚನ್ನಗಿರಿಯಲ್ಲಿ ನನ್ನದೇ ಅಂಗಡಿ ಇದೆ. ಅಡಿಕೆ ತೋಟದವರ ಬೋರ್‌ವೆಲ್ ಮೋಟಾರುಗಳೇ ನನ್ನ ಅನ್ನ. ಫೆಬ್ರವರಿ ಬಂತೆಂದರೆ ವೋಲ್ಟೇಜು ಬೀಳುತ್ತದೆ, ಅಂತರ್ಜಲ ಇಳಿಯುತ್ತದೆ, ಮೋಟಾರುಗಳು ಸುಟ್ಟುಕೊಂಡು ಸಾಲಾಗಿ ಬರುತ್ತವೆ. ಮೇ ಮುಗಿಯುವ ತನಕ ಊಟಕ್ಕೂ ಹೊತ್ತು ಗೊತ್ತಿರುವುದಿಲ್ಲ. ಮಳೆ ಹಿಡಿದು ಕೆಲಸ ತಗ್ಗಿದ ಮೇಲೆ ಭಾನುವಾರ ಬೆಳಿಗ್ಗೆ ನಾನು ಗಾಳ ಹಿಡಿದು ಹೊರಡುತ್ತೇನೆ. ಚಿಕ್ಕಂದಿನಲ್ಲಿ ಬಿದಿರು ಕೋಲು, ಬೆಂಡು, ಎರೆಹುಳು. ಆಮೇಲೆ ಹತ್ತು ವರ್ಷ ಸ್ಪಿನ್ನಿಂಗ್ ರೀಲು. ಸುಖವಾಗಿಯೇ ಇದ್ದೆ.

ರೀಲು ಬದಲಾಯಿಸಬೇಕು ಅನ್ನಿಸಿದ್ದು ಒಂದು ಕೊರವ ಮೀನಿನಿಂದ. ಊರಾಚೆ ಪರಿಚಯದವರ ತೋಟದ ಕೆರೆ, ತುಂಬ ತಾವರೆ. ಎಲೆಗಳ ನಡುವೆ ಒಂದು ಬುಟ್ಟಿಯಷ್ಟು ಅಗಲದ ಖಾಲಿ ನೀರು. ಅಲ್ಲಿಗೆ ನನ್ನ ಗಾಳದ ರಬ್ಬರ್ ಕಪ್ಪೆ ಬಿದ್ದದ್ದೇ ತಡ, ಕೆಳಗಿನಿಂದ ಧಡ್ ಅಂತ ಹೊಡೆಯಿತು. ಎರಡು ಕೆಜಿಗೆ ಕಮ್ಮಿ ಇರಲಿಲ್ಲ. ನನ್ನ ರೀಲಿನಲ್ಲಿ ಇದ್ದದ್ದು ಸಣ್ಣ ದಾರ. ಮೀನು ತಾವರೆ ದಂಟುಗಳ ನಡುವೆ ಹೊಕ್ಕು ಎರಡು ಸುತ್ತು ಹಾಕಿತು, ದಾರ ಪಟ್ ಎಂದು ಕಡಿಯಿತು. ಮೀನು ಹೋದದ್ದಕ್ಕೆ ನನಗೆ ಬೇಸರವಿಲ್ಲ. ಅದು ಬಾಯಲ್ಲಿ ಎರಡು ಮುಳ್ಳಿನ ಗಾಳ ಕಚ್ಚಿಕೊಂಡು ಹೋಯಿತು. ಆ ರಾತ್ರಿ ಊಟಕ್ಕೆ ಕೂತಾಗಲೂ ಅದೇ ಯೋಚನೆ. ಕೊರವ ಇರುವ ಜಾಗದಲ್ಲಿ ಗಾಳ ಹಾಕುವುದಾದರೆ ಅದನ್ನು ಅಲ್ಲಿಂದ ಎಳೆದು ತರುವ ಶಕ್ತಿಯ ಸಾಮಾನು ಕೈಯಲ್ಲಿರಬೇಕು, ಇಲ್ಲದಿದ್ದರೆ ಹಾಕಬಾರದು ಎಂದು ತೀರ್ಮಾನಿಸಿದೆ.

ಬೆಂಗಳೂರಿನಲ್ಲಿರುವ ನನ್ನ ಹೆಂಡತಿಯ ತಮ್ಮನೂ ಗಾಳದ ಹುಚ್ಚಿನವನೇ. ಫೋನಿನಲ್ಲಿ ಹೇಳಿದೆ. "ಭಾವ, ಅದಕ್ಕೆ ಬೇಟ್‌ಕಾಸ್ಟರೇ ಬೇಕು. ಆದ್ರೆ ಮೊದಲೊಂದು ತಿಂಗಳು ಅಳು ಬರುತ್ತೆ, ಈಗ್ಲೇ ಹೇಳಿರ್ತೀನಿ" ಅಂದ.

ಎರಡು ರೀಲಿಗೂ ಇರುವ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕು, ಮುಂದಿನದೆಲ್ಲ ಅದರ ಮೇಲೇ ನಿಂತಿದೆ. ಸ್ಪಿನ್ನಿಂಗ್ ರೀಲಿನಲ್ಲಿ ಗಾಳ ಬೀಸುವಾಗ ಸ್ಪೂಲ್, ಅಂದರೆ ದಾರ ಸುತ್ತಿರುವ ಉರುಳೆ, ತಿರುಗುವುದಿಲ್ಲ. ದಾರ ಅದರ ತುದಿಯಿಂದ ಸುರುಳಿ ಸುರುಳಿಯಾಗಿ ಜಾರಿ ಹೋಗುತ್ತದೆ. ಮುಂದೆ ಹಾರುವ ಗಾಳ ಎಷ್ಟು ಕೇಳುತ್ತದೋ ಅಷ್ಟೇ ದಾರ ಹೊರಬೀಳುತ್ತದೆ. ಬೇಟ್‌ಕಾಸ್ಟಿಂಗ್ ರೀಲಿನಲ್ಲಿ ಸ್ಪೂಲ್ ಕೋಲಿಗೆ ಅಡ್ಡವಾಗಿ ಕೂತಿರುತ್ತದೆ. ಬೀಸಿದಾಗ ದಾರವೇ ಸ್ಪೂಲನ್ನು ಎಳೆದು ತಿರುಗಿಸಬೇಕು, ಬಾವಿಯ ರಾಟೆಯ ಹಾಗೆ. ಕೊಡ ನೀರು ಮುಟ್ಟಿದ ಮೇಲೂ ರಾಟೆ ತಿರುಗುತ್ತಲೇ ಇದ್ದರೆ ಹಗ್ಗ ಏನಾಗುತ್ತದೆ? ಇಲ್ಲಿ ಆಗುವುದೂ ಅದೇ. ಗಾಳಿಯ ತಡೆಯಿಂದ ಗಾಳದ ವೇಗ ಕಮ್ಮಿಯಾಗುತ್ತಾ ಹೋಗುತ್ತದೆ, ಸ್ಪೂಲ್ ಮಾತ್ರ ಮೊದಲಿನ ಜೋರಿನಲ್ಲೇ ದಾರ ಬಿಡುತ್ತಿರುತ್ತದೆ. ಹೋಗಲು ದಾರಿಯಿಲ್ಲದ ದಾರ ಒಳಗೇ ಉಬ್ಬಿ ಗೋಜಲಾಗುತ್ತದೆ. ಇದಕ್ಕೆ ಬ್ಯಾಕ್‌ಲ್ಯಾಶ್ ಅನ್ನುತ್ತಾರೆ. ನೋಡಲು ಥೇಟ್ ಗುಬ್ಬಿ ಗೂಡು.

ಇಷ್ಟು ಕಾಟ ಕೊಡುವುದನ್ನು ಯಾಕೆ ಕಟ್ಟಿಕೊಳ್ಳಬೇಕು? ಸ್ಪೂಲ್ ಹೆಬ್ಬೆರಳಿನ ಕೆಳಗೇ ಇರುತ್ತದೆ, ಅದಕ್ಕೇ. ಗಾಳ ಹಾರುತ್ತಿರುವಾಗಲೇ ಬೆರಳೂರಿ ಬೇಕೆಂದ ಜಾಗದಲ್ಲಿ ಇಳಿಸಬಹುದು. ಜೊತೆಗೆ ದಪ್ಪ ದಾರ ತಕರಾರಿಲ್ಲದೆ ಓಡುತ್ತದೆ, ಹ್ಯಾಂಡಲಿನ ಬಲ ನೇರವಾಗಿ ಸ್ಪೂಲಿಗೆ ಹೋಗುತ್ತದೆ. ಜೊಂಡಿನೊಳಗಿಂದ ಮೀನನ್ನು ಹೊರಗೆ ತರಲು ಇದಕ್ಕಿಂತ ಒಳ್ಳೆಯ ಯಂತ್ರ ನನಗೆ ಗೊತ್ತಿಲ್ಲ.

ಮೊದಲ ರೀಲನ್ನು ಅವಸರದಲ್ಲಿ ತರಿಸಿದೆ. ಆನ್‌ಲೈನಿನಲ್ಲಿ 1,800 ರೂಪಾಯಿ, ಡಬ್ಬದ ಮೇಲೆ ದೊಡ್ಡದಾಗಿ '17+1 ಬೇರಿಂಗ್'. ಬಂದ ಮೇಲೆ ನೋಡಿದರೆ ಹ್ಯಾಂಡಲ್ ಬಲಗಡೆ ಇದೆ. ಸ್ಪಿನ್ನಿಂಗ್ ರೀಲಿನ ಹಾಗೆ ಬಿಚ್ಚಿ ಆ ಕಡೆಗೆ ಹಾಕಿಕೊಂಡರಾಯಿತು ಅಂದುಕೊಂಡಿದ್ದೆ. ಆಗುವುದಿಲ್ಲ. ಬೇಟ್‌ಕಾಸ್ಟಿಂಗ್ ರೀಲಿನ ಗೇರುಗಳೆಲ್ಲ ಒಂದೇ ಪಕ್ಕದಲ್ಲಿರುತ್ತವೆ, ಎಡವೋ ಬಲವೋ ಕೊಳ್ಳುವಾಗಲೇ ತೀರ್ಮಾನವಾಗಬೇಕು. ನಾನು ಬಲಗೈಯಲ್ಲಿ ಬೀಸುವವನು. ಬಲಗಡೆ ಹ್ಯಾಂಡಲ್ ಇದ್ದರೆ ಬೀಸಿದ ಕೂಡಲೇ ಕೋಲನ್ನು ಎಡಗೈಗೆ ದಾಟಿಸಿ ಬಲಗೈಯಲ್ಲಿ ಸುತ್ತಬೇಕು. ಹಾಗೆ ಮಾಡುವವರು ಬೇಕಾದಷ್ಟು ಜನ ಇದ್ದಾರೆ. ಆದರೆ ಕೊರವ ಎಷ್ಟೋ ಸಲ ಕಪ್ಪೆ ನೀರು ಮುಟ್ಟಿದ ಕ್ಷಣಕ್ಕೇ ಹೊಡೆಯುತ್ತದೆ, ಆ ಹೊತ್ತಿನಲ್ಲಿ ಕೋಲು ನನ್ನ ಎರಡು ಕೈಗಳ ನಡುವೆ ಇರುವುದು ನನಗೆ ಸರಿಹೋಗಲಿಲ್ಲ. ಶಿಮಾನೋ ಕಂಪನಿಯ ರೀಲುಗಳ ಹೆಸರಿನಲ್ಲಿ 150 ಅಂದರೆ ಬಲ, 151 ಅಂದರೆ ಎಡ. ಕೊನೆಯ ಒಂದು ಅಂಕಿಯಲ್ಲೇ ವ್ಯತ್ಯಾಸ. ಆರ್ಡರ್ ಮಾಡುವಾಗ ಆ ಅಂಕಿಯನ್ನು ಎರಡು ಸಲ ನೋಡಿ.

ಬೇರಿಂಗ್ ಲೆಕ್ಕದ ಬಗ್ಗೆಯೂ ಒಂದು ಮಾತು. ಬೇರಿಂಗ್ ನನ್ನ ದಿನದ ಕೆಲಸ, ಅದಕ್ಕೇ ಧೈರ್ಯವಾಗಿ ಹೇಳುತ್ತೇನೆ. ಡಬ್ಬದ ಮೇಲೆ ಎಷ್ಟು ಬರೆದಿದ್ದಾರೆ ಅನ್ನುವುದು ಮುಖ್ಯವಲ್ಲ. ಬೀಸುವಾಗ ಕೆಲಸ ಮಾಡುವುದು ಸ್ಪೂಲನ್ನು ಹೊತ್ತ ಎರಡೋ ಮೂರೋ ಬೇರಿಂಗು, ಅವು ಚೆನ್ನಾಗಿರಬೇಕು. ಉಳಿದವು ಹ್ಯಾಂಡಲಿನ ಗುಬಟಿನಲ್ಲೂ ಗೇರಿನ ಪಕ್ಕದಲ್ಲೂ ಕೂತಿರುತ್ತವೆ. ನನ್ನ 1,800ರ ರೀಲನ್ನು ಬಿಚ್ಚಿದಾಗ ಸ್ಪೂಲಿನ ಬೇರಿಂಗುಗಳ ತುಂಬ ದಪ್ಪ ಗ್ರೀಸ್ ಮೆತ್ತಿದ್ದರು. ಬೆರಳಲ್ಲಿ ತಿರುಗಿಸಿದರೆ ಎರಡು ಸುತ್ತಿಗೇ ನಿಲ್ಲುತ್ತಿತ್ತು. ಗ್ರೀಸ್ ಇರಬೇಕಾದದ್ದು ಗೇರಿಗೆ, ಸ್ಪೂಲ್ ಬೇರಿಂಗಿಗೆ ಒಂದು ಹನಿ ತೆಳು ಎಣ್ಣೆ ಸಾಕು. ಆ ರೀಲನ್ನು ಹಾಗೇ ಮುಚ್ಚಿ ಅಂಗಡಿಯ ಅಟ್ಟದ ಮೇಲಿಟ್ಟೆ.

ಎರಡನೆಯದನ್ನು ಭಾಮೈದನೇ ಕೊಟ್ಟ. ಅವನು ಉಪಯೋಗಿಸಿ ಬಿಟ್ಟಿದ್ದ ಡೈವಾ ಕಂಪನಿಯ ಟಟುಲಾ ರೀಲು, ಎಡಗಡೆ ಹ್ಯಾಂಡಲ್, 34 ಮಿ.ಮೀ. ಅಡ್ಡಳತೆಯ ಸ್ಪೂಲ್, ಗೇರು 6.3:1. ಹ್ಯಾಂಡಲ್ ಒಂದು ಸುತ್ತು ತಿರುಗಿದರೆ ಸ್ಪೂಲ್ ಆರು ಸುತ್ತಿಗೂ ಸ್ವಲ್ಪ ಹೆಚ್ಚು ತಿರುಗುತ್ತದೆ. ಲೆಕ್ಕ ಹಾಕಿದೆ: ಸ್ಪೂಲ್ ತುಂಬಿದ್ದಾಗ ಒಂದು ಸುತ್ತಿಗೆ ಸುಮಾರು 67 ಸೆಂ.ಮೀ. ದಾರ ಒಳಗೆ ಬರುತ್ತದೆ. ಅದೇ 8.1:1 ಆದರೆ 86 ಸೆಂ.ಮೀ. ಬರುತ್ತದೆ, ಆದರೆ ಭಾರ ಎಳೆಯುವಾಗ ಕೈಗೆ ಹೆಚ್ಚು ಬಿಗಿ. ಸೈಕಲ್ಲಿನ ಗೇರು ಗೊತ್ತಿದ್ದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲರೂ ವೇಗದ ಗೇರು ಕೇಳುತ್ತಾರೆ. ಕಲಿಯುವವರಿಗೆ 6 ಮತ್ತು 7ರ ನಡುವಿನದು ಸಾಕು ಅನ್ನುವುದು ನನ್ನ ಅಭಿಪ್ರಾಯ. ಕೋಲೂ ಬೇಟ್‌ಕಾಸ್ಟಿಂಗಿನದೇ ಬೇಕು. ಇದರ ಉಂಗುರಗಳು ಮೇಲ್ಮುಖವಾಗಿರುತ್ತವೆ, ಹಿಡಿಯ ಕೆಳಗೆ ತೋರುಬೆರಳಿಗೆ ಕೊಕ್ಕೆ ಇರುತ್ತದೆ. ನನ್ನದು ಏಳು ಅಡಿಯ ಮೀಡಿಯಂ ಹೆವಿ, ಅಂದರೆ ಸ್ವಲ್ಪ ಗಡಸಾದದ್ದು.

ಇನ್ನು ಬ್ರೇಕು. ಇದನ್ನು ಬರೆಯುವಾಗ ನನಗೆ ಖುಷಿಯಾಗುತ್ತದೆ.

ರೀಲಿನಲ್ಲಿ ಎರಡು ಕಡೆ ತಡೆ ಇರುತ್ತದೆ. ಹ್ಯಾಂಡಲಿನ ಪಕ್ಕದಲ್ಲಿ ಒಂದು ಸಣ್ಣ ದುಂಡು ಗುಬಟು, ಅದು ಸ್ಪೂಲಿನ ಅಚ್ಚಿನ ತುದಿಯನ್ನು ಅದುಮುತ್ತದೆ. ಇನ್ನೊಂದು ಪಕ್ಕದಲ್ಲಿ ನಿಜವಾದ ಬ್ರೇಕು. ಅದರಲ್ಲಿ ಎರಡು ಜಾತಿ. ಒಂದರಲ್ಲಿ ಸ್ಪೂಲಿನ ಪಕ್ಕ ಪುಟ್ಟ ಪುಟ್ಟ ತೂಕದ ತುಂಡುಗಳಿದ್ದು, ಸ್ಪೂಲ್ ತಿರುಗಿದಾಗ ಹೊರಕ್ಕೆ ಚಾಚಿ ಒಂದು ಬಳೆಗೆ ಉಜ್ಜುತ್ತವೆ. ಇದು ಸೆಂಟ್ರಿಫ್ಯೂಗಲ್. ಇನ್ನೊಂದು ಅಯಸ್ಕಾಂತದ್ದು, ನನ್ನ ಡೈವಾದಲ್ಲಿ ಇರುವುದು. ಅದರ ಡಯಲ್ ಮೇಲೆ 0ಯಿಂದ 20ರ ತನಕ ಗುರುತು.

ಸ್ಪೂಲ್ ಅಲ್ಯೂಮಿನಿಯಂನದು. ಅಲ್ಯೂಮಿನಿಯಂಗೆ ಅಯಸ್ಕಾಂತ ಅಂಟುವುದಿಲ್ಲ, ಮತ್ತೆ ತಡೆಯುವುದು ಹೇಗೆ? ಮಗಳು ಕೇಳಿದ ಪ್ರಶ್ನೆ ಇದು, ಅವಳು ಆಗ ಏಳನೇ ಕ್ಲಾಸು. ಅಂಗಡಿಯಲ್ಲಿ ಒಂದು ಹಳೆಯ ಕರೆಂಟ್ ಮೀಟರ್ ಇತ್ತು, ಗಾಜಿನ ಹಿಂದೆ ಚಕ್ರ ತಿರುಗುವಂಥದ್ದು. ಅದರ ಮುಚ್ಚಳ ಬಿಚ್ಚಿ ತೋರಿಸಿದೆ. ಅಲ್ಲಿ ತಿರುಗುವುದೂ ಅಲ್ಯೂಮಿನಿಯಂ ಬಿಲ್ಲೆಯೇ. ಅದರ ಅಂಚು ಒಂದು ಅಯಸ್ಕಾಂತದ ಬಾಯೊಳಗೆ ಮುಟ್ಟದೆ ಹಾದುಹೋಗುತ್ತದೆ. "ಮೊದಲು ಅಯಸ್ಕಾಂತ ಅಂಟಿಸಿ ನೋಡು" ಅಂದೆ. ಅಂಟಲಿಲ್ಲ. ಅಯಸ್ಕಾಂತವನ್ನು ಬಿಚ್ಚಿ ತೆಗೆದು ಬಿಲ್ಲೆಯನ್ನು ಬೆರಳಲ್ಲಿ ಚಿಮ್ಮಿಸಿದೆ, ಸುಮಾರು ಹೊತ್ತು ಸುತ್ತಿತು. ಮತ್ತೆ ಚಿಮ್ಮಿಸಿ, ಸುತ್ತುತ್ತಿರುವಾಗಲೇ ಅಯಸ್ಕಾಂತವನ್ನು ಅಂಚಿನ ಹತ್ತಿರ ಹಿಡಿದೆ. ಜೇನುತುಪ್ಪದಲ್ಲಿ ಇಳಿದ ಹಾಗೆ ಬಿಲ್ಲೆ ಮೆತ್ತಗೆ ನಿಧಾನವಾಗಿ ನಿಂತಿತು. ಲೋಹ ಅಯಸ್ಕಾಂತದ ಮುಂದೆ ಓಡಿದಾಗ ಅದರೊಳಗೇ ಸುಳಿಯಂಥ ಕರೆಂಟು ಹುಟ್ಟುತ್ತದೆ, ಆ ಸುಳಿಗೆ ತನ್ನದೇ ಅಯಸ್ಕಾಂತಶಕ್ತಿ ಬರುತ್ತದೆ, ಅದು ಓಟವನ್ನು ವಿರೋಧಿಸುತ್ತದೆ. ಓಟ ಹೆಚ್ಚಾದಷ್ಟೂ ತಡೆ ಹೆಚ್ಚು, ನಿಂತರೆ ತಡೆಯೇ ಇಲ್ಲ. ಎಡ್ಡಿ ಕರೆಂಟ್ ಅಂತ ಪಾಠದಲ್ಲಿ ಓದುವುದು ಇದನ್ನೇ. ಮಗಳು ಆ ಬಿಲ್ಲೆಯನ್ನು ಎಷ್ಟು ಸಲ ಚಿಮ್ಮಿಸಿದಳೋ ಲೆಕ್ಕವಿಲ್ಲ.

ಇಷ್ಟು ತಿಳಿದರೆ ಬ್ರೇಕಿನ ಮಿತಿಯೂ ಗೊತ್ತಾಗುತ್ತದೆ. ಬೀಸಿದ ಮೊದಲ ಗಳಿಗೆಯಲ್ಲಿ ಸ್ಪೂಲ್ ಅತಿ ಜೋರಾಗಿ ಓಡುತ್ತಿರುತ್ತದೆ, ಅಲ್ಲಿ ಅಯಸ್ಕಾಂತ ನೋಡಿಕೊಳ್ಳುತ್ತದೆ. ಕೊನೆಯಲ್ಲಿ ಗಾಳ ನೀರಿಗೆ ಬಿದ್ದ ಕ್ಷಣ ಸ್ಪೂಲ್ ನಿಧಾನವಾಗಿದ್ದರೂ ತಿರುಗುತ್ತಲೇ ಇರುತ್ತದೆ. ಅಲ್ಲಿ ಅಯಸ್ಕಾಂತಕ್ಕೆ ಶಕ್ತಿ ಸಾಲದು, ಹೆಬ್ಬೆರಳೇ ಆಗಬೇಕು.

ಕಲಿಯುವುದಕ್ಕೆ ಕೆರೆಗೆ ಹೋಗಲಿಲ್ಲ. ನೀರಿನ ಮುಂದೆ ನಿಂತರೆ ಮನಸ್ಸು ಮೀನಿನ ಮೇಲೆ ಹೋಗುತ್ತದೆ, ಬೆರಳಿನ ಮೇಲೆ ಇರುವುದಿಲ್ಲ. ಬೆಳಿಗ್ಗೆ ಆರಕ್ಕೆ ಶಾಲೆಯ ಮೈದಾನ. ಗಾಳದ ಬದಲಿಗೆ ದಾರದ ತುದಿಗೆ 12 ಎಂ.ಎಂ.ನ ಒಂದು ನಟ್ ಕಟ್ಟಿದೆ. ಪಕ್ಕದ ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿದ್ದೆ, 16 ಗ್ರಾಂ ಚಿಲ್ಲರೆ. ನೆಲಕ್ಕೆ ಬಿದ್ದು ಪುಟಿಯದಿರಲಿ ಎಂದು ಸೈಕಲ್ ಟ್ಯೂಬಿನ ಚೂರು ಸುತ್ತಿದೆ. ಕಲಿಯುವಾಗ ತೂಕ 12ರಿಂದ 18 ಗ್ರಾಂ ಒಳಗಿರಲಿ. ಐದಾರು ಗ್ರಾಂನ ಹಗುರದ್ದಕ್ಕೆ ಈ ಸ್ಪೂಲನ್ನು ಎಳೆದು ತಿರುಗಿಸುವ ಜೀವವೇ ಇರುವುದಿಲ್ಲ. ಅಂಥದ್ದಕ್ಕೆ ಈಗಲೂ ನಾನು ಸ್ಪಿನ್ನಿಂಗ್ ರೀಲನ್ನೇ ತೆಗೆಯುತ್ತೇನೆ.

ಮೊದಲು ಗುಬಟು ಹೊಂದಿಸಬೇಕು. ಕೋಲನ್ನು ಅಡ್ಡ ಹಿಡಿದು, ಸ್ಪೂಲಿನ ಹಿಂದಿನ ಬಟನ್ ಒತ್ತಿ ಬೆರಳು ಬಿಡಬೇಕು. ತೂಕ ತಾನಾಗಿ ಮೆಲ್ಲಗೆ ಇಳಿದು ನೆಲ ಮುಟ್ಟಬೇಕು, ಮುಟ್ಟಿದ ಕೂಡಲೇ ಸ್ಪೂಲ್ ನಿಲ್ಲಬೇಕು. ಇಳಿಯಲೇ ಇಲ್ಲವೆಂದರೆ ಬಿಗಿ ಜಾಸ್ತಿ, ಧಬಕ್ಕನೆ ಬಿದ್ದು ಸ್ಪೂಲ್ ಸುತ್ತುತ್ತಲೇ ಇದ್ದರೆ ಸಡಿಲ. ತೂಕ ಬದಲಾಯಿಸಿದಾಗಲೆಲ್ಲ ಇದನ್ನು ಮತ್ತೆ ನೋಡಿಕೊಳ್ಳಬೇಕು. ಅಯಸ್ಕಾಂತದ ಡಯಲನ್ನು 20ಕ್ಕೇ ಇಟ್ಟೆ. ಹಾಗಿದ್ದರೆ ದೂರ ಹೋಗುವುದಿಲ್ಲ, ಹೋಗದಿದ್ದರೆ ಬೇಡ.

ಮೊದಲ ದಿನ ಮೂವತ್ತು ಸಲ ಬೀಸಿದೆ, ಹನ್ನೊಂದು ಗೂಡು. ಬೀಸಲು ಅರ್ಧ ನಿಮಿಷ, ಬಿಡಿಸಲು ಹತ್ತು ನಿಮಿಷ. ತಪ್ಪು ಎರಡು ಕಡೆ ಇತ್ತು. ಒಂದು, ಸ್ಪಿನ್ನಿಂಗ್ ಕೋಲಿನ ಅಭ್ಯಾಸದಲ್ಲಿ ಝಾಡಿಸಿ ಹೊಡೆಯುತ್ತಿದ್ದೆ. ಝಾಡಿಸಿದರೆ ಸ್ಪೂಲ್ ಒಮ್ಮೆಲೇ ಮೇಲಿನ ವೇಗಕ್ಕೆ ಏರುತ್ತದೆ, ಗಾಳ ಅದರ ಜೊತೆಗೆ ಓಡಲಾರದು. ಕೋಲು ಹಿಂದಕ್ಕೆ ಹೋದಾಗ ತೂಕ ಅದನ್ನು ಬಾಗಿಸಬೇಕು, ಆ ಬಾಗು ಮುಂದಕ್ಕೆ ಎಸೆಯಬೇಕು. ತೊಟ್ಟಿಲು ತೂಗುವವರು ನೂಕುವಾಗ ಯಾವ ಹದ ಇಡುತ್ತಾರೋ ಆ ಹದ. ಇನ್ನೊಂದು ಮಣಿಕಟ್ಟು. ಬಲಗೈಯಲ್ಲಿ ಬೀಸುವಾಗ ರೀಲಿನ ಎಡಗಡೆಯ ಹ್ಯಾಂಡಲ್ ನೆಲ ನೋಡುವ ಹಾಗೆ ಮಣಿಕಟ್ಟನ್ನು ಹೊರಳಿಸಿದರೆ ಕೈ ಸಲೀಸಾಗಿ ಆಡುತ್ತದೆ. ಇದನ್ನು ಭಾಮೈದ ವಿಡಿಯೋ ಕಾಲಿನಲ್ಲಿ ನೋಡಿ ತಿದ್ದಿದ.

ಗೂಡು ಬಿಡಿಸುವುದಕ್ಕೂ ಒಂದು ಉಪಾಯವಿದೆ, ಇದು ಮೊದಲೇ ಗೊತ್ತಿದ್ದರೆ ನನ್ನ ಅರ್ಧ ರೀಲು ದಾರ ಉಳಿಯುತ್ತಿತ್ತು. ಕಂಡ ಕಂಡ ಕುಣಿಕೆ ಎಳೆಯಬಾರದು. ಹೆಬ್ಬೆರಳನ್ನು ಗೂಡಿನ ಮೇಲೇ ಗಟ್ಟಿಯಾಗಿ ಒತ್ತಿ ಹಿಡಿದು ಹ್ಯಾಂಡಲನ್ನು ಎರಡು ಮೂರು ಸುತ್ತು ಮುಂದಕ್ಕೆ ತಿರುಗಿಸಬೇಕು. ಆಮೇಲೆ ಬಟನ್ ಒತ್ತಿ ದಾರವನ್ನು ಮೆಲ್ಲಗೆ ಹೊರಕ್ಕೆಳೆಯಬೇಕು. ಸಿಕ್ಕಿಕೊಂಡರೆ ಇನ್ನೊಮ್ಮೆ ಒತ್ತಿ, ಇನ್ನೊಮ್ಮೆ ತಿರುಗಿಸಿ. ಒಳಗಿನ ಕುಣಿಕೆಗಳು ಒತ್ತಡಕ್ಕೆ ಚಪ್ಪಟೆಯಾಗಿ ಒಂದೊಂದೇ ಬಿಟ್ಟುಕೊಳ್ಳುತ್ತವೆ. ಹತ್ತರಲ್ಲಿ ಏಳು ಗೂಡು ಹೀಗೇ ಹೋಗುತ್ತದೆ.

ದಾರದ ವಿಷಯ. ಮೊದಲು ನೈಲಾನ್ ಒಂಟಿ ಎಳೆಯ ದಾರವೇ ಇರಲಿ, 12 ಅಥವಾ 14 ಪೌಂಡಿನದು, ಅಂದರೆ ಅಷ್ಟು ಭಾರ ತಡೆಯುವಂಥದ್ದು. ಹೆಣೆದ ದಾರ ಬಲು ಗಟ್ಟಿ, ಆದರೆ ಮೆತ್ತಗೆ, ತನ್ನ ಸುತ್ತುಗಳ ನಡುವೆಯೇ ಹೂತುಕೊಳ್ಳುತ್ತದೆ, ಗೂಡಾದರೆ ಕತ್ತರಿಯೇ ಗತಿ. ಹೆಬ್ಬೆರಳು ಕಲಿತ ಮೇಲೆ ನಾನು 50 ಪೌಂಡಿನ ಹೆಣೆದ ದಾರಕ್ಕೆ ಬದಲಾದೆ. ತಾವರೆ ಕೆರೆಗೆ ಅದಕ್ಕಿಂತ ಕಮ್ಮಿಯದನ್ನು ಈಗ ಒಯ್ಯುವುದಿಲ್ಲ. ಹೆಣೆದ ದಾರ ನುಣುಪಾದ ಸ್ಪೂಲಿನ ಮೇಲೆ ಪೂರ್ತಿ ಸುರುಳಿಯಾಗಿಯೇ ಜಾರಿ ತಿರುಗುತ್ತದೆ. ಮೀನು ಎಳೆಯುತ್ತಿರುವಾಗ ಹ್ಯಾಂಡಲ್ ತಿರುಗುತ್ತದೆ, ದಾರ ಮಾತ್ರ ಬರುವುದಿಲ್ಲ. ಅದಕ್ಕೆ ತಳದಲ್ಲಿ ಕೆಲವು ಮೀಟರ್ ನೈಲಾನ್ ಸುತ್ತಿ ಅದಕ್ಕೆ ಗಂಟು ಹಾಕಬೇಕು. ಸ್ಪೂಲನ್ನು ಅಂಚಿನ ತನಕ ತುಂಬಬೇಡಿ, ಎರಡು ಮೂರು ಮಿ.ಮೀ. ಬಿಟ್ಟಿರಲಿ.

ಆಮೇಲೆ ಟೇಪು. ಕಲಿಯುವವರಿಗೆ ನಾನು ಕೊಡಬಹುದಾದ ಎಲ್ಲಕ್ಕಿಂತ ಉಪಯೋಗದ ಸಲಹೆ ಇದೇ, ನನ್ನ ಕಸುಬಿನ ಸಾಮಾನೇ ಬೇಕಾಗುವುದು. ಒಂದು ಸಲ ಚೆನ್ನಾಗಿ ಬೀಸಿ, ಗಾಳ ಬಿದ್ದಲ್ಲಿಂದ ಇನ್ನೂ ಐದಾರು ಮೀಟರ್ ದಾರ ಎಳೆದು, ಸ್ಪೂಲಿನಲ್ಲಿ ಉಳಿದ ದಾರದ ಮೇಲೆ ಒಂದು ಸುತ್ತು ಇನ್ಸುಲೇಷನ್ ಟೇಪ್ ಅಂಟಿಸಿಬಿಡಿ. ಆಮೇಲೆ ದಾರ ಸುತ್ತಿಕೊಳ್ಳಿ. ಗೂಡಾದರೂ ಟೇಪಿನವರೆಗೆ ಮಾತ್ರ ಆಗುತ್ತದೆ, ಕೆಳಗಿನದು ಕದಲುವುದಿಲ್ಲ. ನಾನು ಟೇಪ್ ಹಾಕಿದ್ದು ನಾಲ್ಕನೆಯ ದಿನ. ಅವತ್ತು ಮೊದಲ ಸಲ ಹೆದರಿಕೆಯಿಲ್ಲದೆ ಬೀಸಿದೆ. ಹೆದರಿಕೆ ಹೋದ ಮೇಲೆ ಬೆರಳಿನ ಕಡೆ ಗಮನ ಹೋಯಿತು.

ಬೆರಳಿಗೆ ಆಗುವುದೇನು ಅನ್ನುವುದನ್ನು ಬರೆದು ತಿಳಿಸುವುದು ಕಷ್ಟ, ಆದರೂ ಪ್ರಯತ್ನ ಮಾಡುತ್ತೇನೆ. ಹೆಬ್ಬೆರಳಿನ ತಿರುಳಿನ ಒಂದು ಪಕ್ಕ ದಾರದ ಮೇಲೆ ಸುಮ್ಮನೆ ಕೂತಿರುತ್ತದೆ, ಒತ್ತುವುದಿಲ್ಲ. ಕೋಲು ಮುಂದಕ್ಕೆ ಬಂದು ತಲೆ ದಾಟುವಾಗ ಬೆರಳು ಒಂದು ಕೂದಲಿನಷ್ಟು ಏಳುತ್ತದೆ. ಸ್ಪೂಲ್ ಚಿಮ್ಮುತ್ತದೆ. ಒದ್ದೆ ದಾರ ಚರ್ಮವನ್ನು ಸವರುವಾಗ ಮೊದಲು ತಣ್ಣಗೆ ಒಂದು ಝುಮ್, ದಾರ ಹದವಾಗಿ ಹೋಗುತ್ತಿದ್ದರೆ ಅದು ಒಂದೇ ಸಮನೆ ಇರುತ್ತದೆ. ದಾರ ಉಬ್ಬತೊಡಗಿದರೆ ಕಣ್ಣಿಗೆ ಕಾಣುವ ಮೊದಲೇ ಬೆರಳಿಗೆ ಗೊತ್ತಾಗುತ್ತದೆ, ನುಣ್ಣಗಿದ್ದದ್ದು ಚುಳುಚುಳು ಅನ್ನುತ್ತದೆ, ಬೆಕ್ಕಿನ ರೋಮ ಎದ್ದ ಹಾಗೆ. ಆಗ ಒತ್ತಬಾರದು, ಸುಮ್ಮನೆ ಸ್ವಲ್ಪ ಭಾರ ಬಿಡಬೇಕು. ಉಬ್ಬು ಇಳಿಯುತ್ತದೆ, ಗಾಳ ಮುಂದೆ ಹೋಗುತ್ತಲೇ ಇರುತ್ತದೆ. ನೀರು ಮುಟ್ಟುವುದಕ್ಕೆ ಒಂದು ಅಂಗೈ ಮೇಲಿರುವಾಗ ಪೂರ್ತಿ ನಿಲ್ಲಿಸಬೇಕು. ಕಪ್ಪೆ ಸದ್ದಿಲ್ಲದೆ ಇಳಿಯುತ್ತದೆ. ಇದು ಬರಲು ನನಗೆ ಆರು ವಾರ ಬೇಕಾಯಿತು. ಡಯಲು 20ರಿಂದ 14ಕ್ಕೆ, ಆಮೇಲೆ 9ಕ್ಕೆ ಬಂತು. ಎದುರು ಗಾಳಿಯಿದ್ದ ದಿನ ಈಗಲೂ 12ಕ್ಕೆ ಏರಿಸಿ, ಗಾಳ ನೀರಿನ ಮಟ್ಟದಲ್ಲೇ ಹೋಗುವ ಹಾಗೆ ತಗ್ಗಿಸಿ ಬೀಸುತ್ತೇನೆ.

ಈ ರೀಲಿನ ಚರಿತ್ರೆ ಓದಿದಾಗ ಒಂದು ವಿಷಯ ಮನಸ್ಸಿಗೆ ಹಿಡಿಸಿತು. ಹತ್ತೊಂಬತ್ತನೇ ಶತಮಾನದ ಮೊದಲ ಭಾಗದಲ್ಲಿ ಅಮೆರಿಕದ ಕೆಂಟಕಿಯಲ್ಲಿ ಗೇರಿನ ರೀಲು ಮಾಡಿದ ಜಾರ್ಜ್ ಸ್ನೈಡರ್ ಗಡಿಯಾರದ ಕೆಲಸದವನು. ಸ್ವೀಡನ್ನಿನ ಅಬು ಕಂಪನಿ 1921ರಲ್ಲಿ ಶುರುವಾದದ್ದೂ ಗಡಿಯಾರದ ಕಾರ್ಖಾನೆಯಾಗಿ, ಟ್ಯಾಕ್ಸಿ ಮೀಟರನ್ನೂ ಮಾಡುತ್ತಿದ್ದರಂತೆ. 1952ರಲ್ಲಿ ಅವರು ತಂದ ಅಂಬಾಸಡರ್ 5000 ರೀಲಿನ ದುಂಡನೆಯ ರೂಪವನ್ನು ಇವತ್ತಿಗೂ ಜನ ಹುಡುಕಿ ಕೊಳ್ಳುತ್ತಾರೆ. ಸಣ್ಣ ಗೇರು, ಸಣ್ಣ ಅಚ್ಚು, ಒಂದು ಹನಿ ಎಣ್ಣೆ ಗೊತ್ತಿದ್ದ ಕೈಗಳು ಮಾಡಿದ ಯಂತ್ರ ಇದು. ಬಿಚ್ಚಿ ನೋಡಿದಾಗಲೆಲ್ಲ ಆ ಕೈಗಳ ನೆನಪಾಗುತ್ತದೆ.

ಮಳೆ ಕಮ್ಮಿಯಾದ ಮೇಲೆ ಅದೇ ತಾವರೆ ಕೆರೆಗೆ ಹೋದೆ. ಒಂದು ಮಾತು ಸ್ಪಷ್ಟವಾಗಿ ಹೇಳಿಬಿಡುತ್ತೇನೆ: ನಮ್ಮ ಕಡೆಯ ದೊಡ್ಡ ಕೆರೆಗಳ ಮೀನಿನ ಹಕ್ಕು ಗುತ್ತಿಗೆಗೆ ಹೋಗಿರುತ್ತದೆ, ಅದರಿಂದ ಹೊಟ್ಟೆ ಹೊರೆಯುವ ಮೀನುಗಾರರಿದ್ದಾರೆ. ಸೂಳೆಕೆರೆ ನಮ್ಮ ತಾಲೂಕಿನದೇ ಆದರೂ ಕೇಳದೆ ನಾನು ಅಲ್ಲಿ ಗಾಳ ಹಾಕಿಲ್ಲ. ತೋಟದ ಕೆರೆಯಾದರೂ ಯಜಮಾನರಿಗೆ ಒಂದು ಮಾತು ಹೇಳಿಯೇ ಇಳಿಯುವುದು. ಕೊರವ ಮರಿ ಮಾಡಿದಾಗ ನೀರಿನ ಮೇಲೆ ಕೆಂಪು ಮರಿಗಳ ದೊಂಬಿ ಕುದಿಯುವ ಹಾಗೆ ಕಾಣುತ್ತದೆ, ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಅಲ್ಲಿಗೆ ಏನು ಎಸೆದರೂ ಅವು ಹೊಡೆಯುತ್ತವೆ, ಹೊಡೆಯುವುದು ಹಸಿವಿಗಲ್ಲ. ಆ ಜಾಗಕ್ಕೆ ದಯವಿಟ್ಟು ಗಾಳ ಹಾಕಬೇಡಿ. ಹಿರಿಯವೆರಡನ್ನು ಎತ್ತಿಕೊಂಡರೆ ಮಿಕ್ಕ ಮೀನುಗಳಿಗೆ ಆ ಮರಿಗಳು ಒಂದು ಹೊತ್ತಿನ ತುತ್ತು.

ಅವತ್ತು ಮರಿಗಳ ಸುಳಿವಿರಲಿಲ್ಲ. ಆ ಬುಟ್ಟಿಯಗಲದ ನೀರು ಹಾಗೇ ಇತ್ತು, ಸುಮಾರು ಹದಿನೆಂಟು ಮೀಟರ್ ದೂರ. ಮೊದಲನೆಯದು ಎಲೆಯ ಮೇಲೆ ಬಿತ್ತು, ಎಳೆದುಕೊಂಡೆ. ಎರಡನೆಯದರಲ್ಲಿ ಬೆರಳು ಸರಿಯಾಗಿ ಕೂತಿತು, ಕಪ್ಪೆ ಎಲೆಯಂಚಿಗೆ ಇಳಿದು ಜಾರಿ ನೀರಿಗೆ ಬಂತು. ಕೋಲಿನ ತುದಿಯನ್ನು ಎರಡು ಸಲ ಕುಟುಕಿದೆ. ಪಕ್ಕದ ಎಲೆ ಸ್ವಲ್ಪ ಎದ್ದಿತು. ಆಮೇಲೆ ಕಪ್ಪೆ ಇದ್ದ ಜಾಗದಲ್ಲಿ ಒಂದು ಗುಂಡಿ ಕಂಡಿತು, ಸದ್ದು ಆಮೇಲೆ ಬಂತು. ಹೊಡೆದ ಕೂಡಲೇ ಎಳೆದರೆ ಕಪ್ಪೆ ಬಾಯಿಂದ ಜಾರಿ ಬರುತ್ತದೆ. ಒಂದು ಉಸಿರು ಕಾದು, ದಾರದಲ್ಲಿ ಭಾರ ಬಂದ ಮೇಲೆ ಎರಡೂ ಕೈಯಲ್ಲಿ ಎತ್ತಿದೆ. ಬ್ರೇಕಿನ ಗುಬಟಲ್ಲ, ಹ್ಯಾಂಡಲಿನ ಬುಡದ ನಕ್ಷತ್ರದಂಥ ಚಕ್ರ ಇರುತ್ತದಲ್ಲ, ಮೀನು ಎಳೆದಾಗ ದಾರ ಬಿಟ್ಟುಕೊಡುವುದು ಅದು. ಅದನ್ನು ಪೂರ್ತಿ ಬಿಗಿ ಮಾಡಿದ್ದೆ. ಮೀನು ದಂಟಿನ ಕಡೆ ತಿರುಗಲು ನೋಡಿತು, ತಿರುಗಲು ಬಿಡಲಿಲ್ಲ. ಎಲೆಗಳ ಮೇಲೆಯೇ ಜಾರಿಕೊಂಡು, ತಲೆ ಮೇಲೆತ್ತಿಕೊಂಡು ದಡಕ್ಕೆ ಬಂತು. ಒಂದೂವರೆ ಕೆಜಿ ಇರಬಹುದು. ಬಾಯಿ ಬಿಡಿಸಿ ನೋಡಿದೆ, ಹಳೆಯ ಗಾಳದ ಗುರುತೇನೂ ಇರಲಿಲ್ಲ. ಅದಲ್ಲ, ಬೇರೆಯದು. ಗಾಳ ಬಿಡಿಸಿ ಒದ್ದೆ ಕೈಯಲ್ಲೇ ನೀರಿಗೆ ಬಿಟ್ಟೆ.

ರೀಲಿನ ಆರೈಕೆ ಹೆಚ್ಚೇನಿಲ್ಲ. ನೀರಲ್ಲಿ ಮುಳುಗಿಸಿ ತೊಳೆಯಬೇಡಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಮನೆಗೆ ಬಂದ ಮೇಲೆ ನಕ್ಷತ್ರ ಚಕ್ರವನ್ನು ಸಡಿಲ ಮಾಡಿಡಿ, ಒಳಗಿನ ವಾಷರುಗಳು ಅದುಮಿಕೊಂಡು ಕೂರುವುದಿಲ್ಲ. ತಿಂಗಳಿಗೊಮ್ಮೆ ಸ್ಪೂಲ್ ಬೇರಿಂಗಿಗೆ ಹೊಲಿಗೆ ಮಷೀನಿನ ಎಣ್ಣೆ ಒಂದೇ ಹನಿ. ಎರಡು ಹಾಕಬೇಡಿ.

ಈ ದಸರಾ ರಜೆಯಲ್ಲಿ ಮಗಳು ತಾನೂ ಬೀಸುತ್ತೇನೆ ಅಂದಳು. ಡೈವಾ ಕೊಟ್ಟೆ. ಎರಡು ಸಲ ಬೀಸಿ, ಏನೋ ಸರಿಯಿಲ್ಲ ಅನ್ನುವ ಮುಖ ಮಾಡಿದಳು. ಅವಳು ಎಡಚಿ. ಬರೆಯುವುದು, ಶಟಲ್ ಆಡುವುದು ಎಲ್ಲ ಎಡಗೈಯಲ್ಲೇ. ಎಡಗೈಯಲ್ಲಿ ಬೀಸುವವರಿಗೆ ಹ್ಯಾಂಡಲ್ ಬಲಗಡೆ ಇರಬೇಕು.

ಅಟ್ಟದ ಮೇಲಿಂದ 1,800ರ ರೀಲನ್ನು ಇಳಿಸಿದೆ. ಸ್ಪೂಲ್ ಬೇರಿಂಗುಗಳನ್ನು ಬಿಚ್ಚಿ ಪೆಟ್ರೋಲಿನ ಬಟ್ಟಲಲ್ಲಿ ಹಾಕಿ, ಗ್ರೀಸೆಲ್ಲ ಕರಗಿದ ಮೇಲೆ ಒಣಗಿಸಿ, ಒಂದೊಂದು ಹನಿ ಎಣ್ಣೆ ಬಿಟ್ಟು ಕೂರಿಸಿದೆ. ಸ್ಪೂಲನ್ನು ಚಿಮ್ಮಿಸಿ ಎಣಿಸಿದಳು, ಹನ್ನೆರಡು ಸೆಕೆಂಡ್ ಓಡಿತು. ನೈಲಾನ್ ದಾರ ತುಂಬಿ, ಟೇಪ್ ಸುತ್ತಿ, ನಟ್ ಕಟ್ಟಿಕೊಟ್ಟೆ. ಬೆಳಿಗ್ಗೆ ಆರಕ್ಕೆ ಅದೇ ಮೈದಾನ. ಮಂಜು ಇನ್ನೂ ಹುಲ್ಲಿನ ಮೇಲಿತ್ತು. ಅವಳ ಹೆಬ್ಬೆರಳನ್ನು ಸ್ಪೂಲಿನ ಮೇಲಿಟ್ಟು ಉಸ್ತಾದರ ಮಾತನ್ನು ಹಾಗೇ ಹೇಳಿದೆ. ಮೊದಲ ವಾರ ಗೂಡುಗಳೇ. ಕೂತು ಬಿಡಿಸಿದಳು, ನನ್ನ ಕೈಗೆ ಕೊಡಲಿಲ್ಲ.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ ಇರಬೇಕು. ಅವಳು ಬೀಸಿದ ನಟ್ ಹೋಗಿ ಹೋಗಿ, ಇನ್ನೂ ಗಾಳಿಯಲ್ಲಿರುವಾಗಲೇ ತಟ್ಟನೆ ಹಿಂದಕ್ಕೆ ಜಗ್ಗಿ ಕೆಳಗೆ ಬಿತ್ತು. ಓಡಿಹೋಗಿ ರೀಲು ನೋಡಿದೆ. ಗೂಡಿಲ್ಲ, ಏನಿಲ್ಲ. ಸ್ಪೂಲಿನ ಮೇಲೆ ಕಪ್ಪು ಟೇಪ್ ಪೂರ್ತಿ ಬರಿದಾಗಿ ಕಾಣುತ್ತಿತ್ತು.

"ಅಪ್ಪ, ದಾರ ಸಾಲ್ತಿಲ್ಲ. ಟೇಪ್ ತೆಗಿ" ಅಂದಳು.